ವೀರಭದ್ರಸ್ವಾಮಿಗೆ ಕುಟ್ಟೆ ಹಿಡಿದದ್ದು

ನಮ್ಮ ಮನೆಯ ಮರದ ವೀರಭದ್ರಸ್ವಾಮಿಯನ್ನು ಉಳಿಸಿಕೊಳ್ಳುವುದಕ್ಕೆ ನನಗೆ ತಗುಲಿದ ಖರ್ಚು ಆರು ಸಾವಿರದ ನಾನೂರು ರೂಪಾಯಿ. ಔಷಧಿ, ಸಿರಿಂಜು, ಪ್ಲಾಸ್ಟಿಕ್ ಹಾಳೆ, ಜೇನುಮೇಣ ಎಲ್ಲ ಸೇರಿ ನಾನೂರು. ಉಳಿದ ಆರು ಸಾವಿರ ನಾನು ಹೇಳಿದ ಒಂದೇ ಒಂದು ಸುಳ್ಳಿನ ಬೆಲೆ. ತುಮಕೂರಿನಲ್ಲಿ ಸ್ವಂತ ದುಡಿಮೆಯಿಂದ ಪಾತ್ರೆ ಅಂಗಡಿ ಕಟ್ಟಿದವಳು ನಾನು. ಕುಕ್ಕರಿನ ರಬ್ಬರ್ ರಿಂಗಿನಿಂದ ಹಿಡಿದು ಮದುವೆ ಮನೆಯ ಕೊಪ್ಪರಿಗೆಯವರೆಗೆ ಯಾವ ವಸ್ತುವನ್ನೂ ಎದುರಿನವರು ಹೇಳಿದ ಬೆಲೆಗೆ ಕೊಂಡವಳಲ್ಲ. ಸುಳ್ಳಿನದು ಮಾತ್ರ ವಿಚಿತ್ರ ವ್ಯಾಪಾರ. ಮಾಲು ಮೊದಲು ಕೈಗೆ ಬರುತ್ತದೆ, ಬೆಲೆ ಆಮೇಲೆ ಗೊತ್ತಾಗುತ್ತದೆ, ಅಷ್ಟು ಹೊತ್ತಿಗೆ ವಾಪಸ್ ಕೊಡುವ ಹಾಗೂ ಇರುವುದಿಲ್ಲ. ಮನೆಯಲ್ಲಿ ಮರದ ದೇವರನ್ನು ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನೆಲ್ಲ ಬರೆಯುತ್ತಿದ್ದೇನೆ. ಇಟ್ಟುಕೊಳ್ಳದವರು ಓದಿದರೂ ನಷ್ಟವಿಲ್ಲ. ದೇವರು ಇಲ್ಲದ ಮನೆ ಇರಬಹುದು, ಅತ್ತೆಯಂತೂ ಎಲ್ಲರಿಗೂ ಇರುತ್ತಾರೆ.

ಮೊದಲು ಸ್ವಾಮಿಯ ಪರಿಚಯ. ಒಂದೂವರೆ ಅಡಿ ಎತ್ತರ, ಶಿವನೆ ಮರದಲ್ಲಿ ಕೆತ್ತಿದ್ದು. ನಾಲ್ಕು ಕೈಯಲ್ಲಿ ಕತ್ತಿ, ಗುರಾಣಿ, ಬಿಲ್ಲು, ಬಾಣ. ಮುಖದ ಅರ್ಧಭಾಗ ಮೀಸೆ. ಕಣ್ಣುಗಳು ಪರೀಕ್ಷೆಯ ಕೊಠಡಿಗೆ ನುಗ್ಗಿದ ಸ್ಕ್ವಾಡಿನವರ ಹಾಗೆ, ಯಾವ ತಪ್ಪನ್ನೂ ಮಾಡದವರಿಗೂ ಒಂದು ಕ್ಷಣ ಎದೆ ಝಲ್ಲೆನ್ನಬೇಕು. ಪಾದದ ಪಕ್ಕದಲ್ಲಿ ಆಡಿನ ತಲೆಯ ದಕ್ಷ ಕೈಮುಗಿದು ನಿಂತಿದ್ದಾನೆ. ಶಿವನನ್ನು ಬೈದದ್ದಕ್ಕೆ ಸ್ವಂತ ತಲೆ ಕಳೆದುಕೊಂಡು, ಆಡಿನ ತಲೆಯಲ್ಲಿ ಸಂಸಾರ ಸಾಗಿಸಿದ ಮಹಾನುಭಾವ ಅವನು. ಇಬ್ಬರನ್ನೂ ಕೆತ್ತಿಸಿದವರು ನನ್ನ ಅತ್ತೆಯ ಅಜ್ಜ. ಹುತ್ರಿದುರ್ಗದ ಬೆಟ್ಟದ ಕೆಳಗಿನ ಅವರ ಮನೆಯಲ್ಲಿ ಗಂಡು ಸಂತಾನ ಇಲ್ಲದ್ದರಿಂದ, ಅತ್ತೆ ಮದುವೆಯಾಗಿ ಹುಲಿಯೂರುದುರ್ಗಕ್ಕೆ ಬರುವಾಗ ಸ್ವಾಮಿಯೂ ಅವರ ಜೊತೆಗೇ ಬಂದ. "ನಮ್ಮ ವಾರಗಿತ್ತೀರು ತೌರಿಂದ ಹಂಡೆ ತಂದ್ರು, ಕೊಳಗ ತಂದ್ರು. ನಾನು ವೀರಭದ್ರನ್ನ ಕರ್ಕೊಂಡ್ ಬಂದೆ. ಆಮೇಲೆ ಯಾರೂ ನನ್ ಮುಂದೆ ದನಿ ಎತ್ನಿಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಹೆಣ್ಣು ಮಕ್ಕಳಿಗೆ ಏನು ಕೊಟ್ಟು ಕಳಿಸಬೇಕು ಎಂದು ನನ್ನ ಅಂಗಡಿಗೆ ಬಂದು ಕೇಳುವವರಿಗೆ ನಾನು ಸ್ಟೀಲಿನ ಡಬ್ಬಿಗಳ ಸೆಟ್ ತೋರಿಸುತ್ತೇನೆ. ಮನಸ್ಸಿನಲ್ಲಿ ಮಾತ್ರ, ಕತ್ತಿ ಹಿಡಿದ ದೇವರೊಂದಿದ್ದರೆ ಇನ್ನೂ ಒಳ್ಳೆಯದು ಅಂದುಕೊಳ್ಳುತ್ತೇನೆ.

ನಾನು ಹುಟ್ಟಿದ್ದು ಗುಬ್ಬಿಯಲ್ಲಿ. ನಮ್ಮವ್ವ ತಲೆಯ ಮೇಲೆ ಪಾತ್ರೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ, ಹಳೇ ಸೀರೆ ಪ್ಯಾಂಟು ತೆಗೆದುಕೊಂಡು ಹೊಸ ಲೋಟ ತಟ್ಟೆ ಕೊಡುತ್ತಿದ್ದಳು. ಅವಳ ಸೆರಗು ಹಿಡಿದು ಹೋಗುತ್ತಿದ್ದ ನನಗೆ ದೊಡ್ಡ ಮನೆಗಳ ಪಡಸಾಲೆಯ ಕಂಬಗಳನ್ನು ಮುಟ್ಟಿ ನೋಡುವುದೇ ಸುಖ. ನುಣ್ಣಗೆ, ತಣ್ಣಗೆ, ಯಾರದೋ ಬೆನ್ನಿನ ಹಾಗೆ ಇರುತ್ತಿದ್ದವು. ನಮ್ಮ ಮನೆಯಲ್ಲಿದ್ದ ಮರದ ಸಾಮಾನು ಅಂದರೆ ಒಂದು ಒನಕೆ, ಒಂದು ಮಣೆ. ಅವ್ವ ಚೌಕಾಸಿ ಮಾಡುತ್ತಾ, "ಈ ಸೀರೆಗೆ ಲೋಟ ಕೊಟ್ರೆ ನನ್ ಮಕ್ಳು ಏನ್ ಮಾಡ್ಬೇಕವ್ವ" ಎಂದು ನನ್ನನ್ನು ತೋರಿಸುತ್ತಿದ್ದಳು. ನಾನು ಆಗ ಕಂಬ ಬಿಟ್ಟು ಮುಖ ಸಣ್ಣಗೆ ಮಾಡಿಕೊಳ್ಳಬೇಕು. ವ್ಯಾಪಾರದ ಮೊದಲ ಪಾಠ ಅದು. ಮದುವೆಯಾಗಿ ಹುಲಿಯೂರುದುರ್ಗದ ಮನೆಗೆ ಕಾಲಿಟ್ಟ ದಿನ ದೇವರ ಗೂಡಿನಲ್ಲಿ ಈ ಮರದ ಸ್ವಾಮಿಯನ್ನು ಕಂಡಾಗ, ಪುಣ್ಯ ಗಿಣ್ಯ ಏನೂ ತೋಚಲಿಲ್ಲ. ಕೈ ಚಾಚಿ ಆ ಮಂಡಿಯ ಮೇಲೆ ಒಮ್ಮೆ ಬೆರಳಾಡಿಸಿಬಿಡೋಣ ಅನ್ನಿಸಿತು. ಆಡಿಸಿದೆ. ಅತ್ತೆ ನೋಡಿದರು, ತಮ್ಮ ಪಾಡಿಗೆ ದೀಪದ ಬತ್ತಿ ಮುಂದಕ್ಕೆ ಎಳೆದರು.

ಸ್ವಾಮಿ ತುಮಕೂರಿಗೆ ಬಂದದ್ದು ಬಸ್ಸಿನಲ್ಲಿ. ನಮ್ಮ ಯಜಮಾನರು ಬಸ್ ಕಂಡಕ್ಟರಾಗಿದ್ದವರು. ನಾವು ಮನೆ ಬದಲಾಯಿಸಿದ ದಿನ ಅವರದೇ ಡ್ಯೂಟಿ ಇದ್ದ ಬಸ್ಸಿಗೆ ಅತ್ತೆ ಸ್ವಾಮಿಯನ್ನು ಎತ್ತಿಕೊಂಡು ಹತ್ತಿದರು.

"ತೊಡೆ ಮೇಲೆ ಇಟ್ಕೊ ಅವ್ವ, ಟಿಕೆಟ್ ಏನೂ ಬೇಡ" ಅಂದರು ಯಜಮಾನರು.

"ಬಿಟ್ಟಿ ಬರಕ್ಕೆ ಅವ್ನೇನು ನಿನ್ ಭಾಮೈದನೇನ್ಲಾ? ಹರಿ ಟಿಕೆಟ್ಟ."

"ಸರಿ, ಅರ್ಧ ಟಿಕೆಟ್ ಕೊಡ್ತೀನಿ."

"ಅರ್ಧನಾ? ಮೀಸೆ ಕಾಣಾಕಿಲ್ವೇನ್ಲಾ ನಿಂಗೆ?"

ಇಡೀ ಬಸ್ಸು ಗೊಳ್ಳೆಂದಿತು. ಯಜಮಾನರು ಪೂರ್ತಿ ಟಿಕೆಟ್ ಹರಿದರು. ಟಿಕೆಟ್ ತೆಗೆದುಕೊಂಡ ಮೇಲೆ ಸೀಟು ಬಿಡುವುದುಂಟೇ? ಸ್ವಾಮಿ ಕಿಟಕಿ ಪಕ್ಕ ಕೂತ. ಕುಣಿಗಲ್ಲಿನಲ್ಲಿ ಜನ ತುಂಬಿಕೊಂಡರು. ಒಬ್ಬಾತ ಹಲಸಿನ ಹಣ್ಣು ಹೊತ್ತುಕೊಂಡು ಹತ್ತಿದವನು, "ಅವ್ವಾ, ಗೊಂಬೇನ ತೊಡೆಮ್ಯಾಕೆ ಇಟ್ಕೊಂಡ್ರೆ ನಾನ್ ಕುಂತ್ಕತಿದ್ದೆ" ಅಂದ. ಅತ್ತೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಗೊಂಬೆ ಅಲ್ಲ ಕಣಪ್ಪ, ಪ್ಯಾಸೆಂಜರ್ರು" ಅಂದರು. ಮನೆಯ ಸೊಸೆಯಾದ ನಾನು ತುಮಕೂರಿನ ತನಕ ನಿಂತುಕೊಂಡು ಬಂದೆ. ಸ್ವಾಮಿ ಗಾಳಿಗೆ ಮೀಸೆ ಒಡ್ಡಿಕೊಂಡು ಬಂದ. ಇವತ್ತಿಗೂ ಆ ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಜಾಗ ಸಿಕ್ಕಿದರೆ ನನಗೆ ಯಾರದೋ ಸೀಟು ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ.

ತುಮಕೂರಿಗೆ ಬಂದ ಮೇಲೆ ಸ್ವಾಮಿಯ ಉಸ್ತುವಾರಿಗೆ ನಾನೂ ಕೈಹಾಕಿದೆ. ಪಾತ್ರೆಯವಳ ಬುದ್ಧಿ, ಫಳಫಳ ಹೊಳೆಯದಿದ್ದರೆ ಕೊಳೆ ಎಂದೇ ಲೆಕ್ಕ. ಒಂದು ಹಬ್ಬಕ್ಕೆ ಮುಂಚೆ, ಅತ್ತೆ ಮಠಕ್ಕೆ ಹೋಗಿದ್ದಾಗ, ಕೊಬ್ಬರಿ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಸ್ವಾಮಿಗೆ ಮೀಸೆಯಿಂದ ಪಾದದವರೆಗೆ ತಿಕ್ಕಿದೆ. ಹೊಳೆದ, ಇಲ್ಲವೆನ್ನುವುದಿಲ್ಲ. ಆದರೆ ಎಣ್ಣೆಗೆ ಧೂಳು ಅಂಟಿತು, ಧೂಳಿಗೆ ಕುಂಕುಮ ಅಂಟಿತು, ಎಲ್ಲದರ ಮೇಲೆ ಊದುಬತ್ತಿಯ ಬೂದಿ ಬಿತ್ತು, ಕೊನೆಗೆ ಇರುವೆಗಳು ಸಾಲುಗಟ್ಟಿ ದರ್ಶನಕ್ಕೆ ಬಂದವು. ಅತ್ತೆ ಬಂದು ನೋಡಿ, "ಸ್ವಾಮೀನ ಬಜ್ಜಿ ಮಾಡ್ಬುಟ್ಯಲ್ಲ ಕಣಮ್ಮಿ" ಅಂದರು. ಆಮೇಲೆ ಒಣ ಬಟ್ಟೆ ಹಿಡಿದು ಅವರು ದಿನವೂ ಸ್ವಲ್ಪ ಸ್ವಲ್ಪ ಒರೆಸಿ ತೆಗೆದರು. ಮಧ್ಯಾಹ್ನ ಊಟವಾದ ಮೇಲೆ, ಮಗುವಿನ ಕಿವಿ ಚೊಕ್ಕಟ ಮಾಡುವವರ ಹಾಗೆ, ಸ್ವಾಮಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒರೆಸುತ್ತಾ, ಅವರ ಅಜ್ಜನ ಕಥೆ ಹೇಳಿಕೊಳ್ಳುತ್ತಿದ್ದರು. ನನಗೆ ಹೇಳುತ್ತಿದ್ದರೋ ಸ್ವಾಮಿಗೋ ಗೊತ್ತಿಲ್ಲ. ನಾನು ಊಟ ಮುಗಿಸಿ ಮತ್ತೆ ಅಂಗಡಿಗೆ ಹೊರಡುವ ಆತುರದಲ್ಲಿ ಅರ್ಧ ಕೇಳಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ದೇವರ ಕೋಣೆಯಿಂದ ಕೂಗು ಬಂತು.

"ಗಿರಿಜಾ, ಓಡ್ಬಾ ಇಲ್ಲಿ! ಸ್ವಾಮಿ ವಿಭೂತಿ ಕೊಟ್ಟವ್ನೆ!"

ಹೋಗಿ ನೋಡಿದೆ. ಸ್ವಾಮಿಯ ಕತ್ತಿ ಹಿಡಿದ ತೋಳಿನ ಕೆಳಗೆ, ಸರಿಯಾಗಿ ದಕ್ಷನ ನೆತ್ತಿಯ ಮೇಲೆ, ಒಂದು ಚಿಟಿಕೆ ಬಿಳಿಯ ಪುಡಿ. ಅತ್ತೆಯ ಕಣ್ಣಲ್ಲಿ ನೀರು. "ನೋಡು, ಶಿವನ್ನ ಬೈದವನ ತಲೆ ಮೇಲೇ ಬಿದ್ದದೆ. ಇಷ್ಟ್ ಕಾಲಕ್ಕೆ ಅವನ್ನ ಕ್ಷಮ್ಸವ್ನೆ ಕಣಮ್ಮಿ." ನಾನು ಬೆರಳಲ್ಲಿ ಮುಟ್ಟಿದೆ. ಅಕ್ಕಿಹಿಟ್ಟಿನ ಹಾಗೆ ನಯ. ತೊಗರಿಬೇಳೆ ಡಬ್ಬಿಯ ತಳದಲ್ಲಿ, ಹಳೇ ಮಂಚದ ಕಾಲಿನ ಬುಡದಲ್ಲಿ ಇಂಥದ್ದನ್ನು ಎಷ್ಟು ನೋಡಿಲ್ಲ! ಸ್ವಾಮಿಗೆ ಮರ ಕೊರೆಯುವ ಕುಟ್ಟೆ ಹುಳ ಹಿಡಿದಿತ್ತು. ತೋಳಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ತೂತುಗಳಿದ್ದವು. ಬಾಯಿ ತೆರೆದೆ, ಅಷ್ಟರಲ್ಲಿ ಪಕ್ಕದ ಮನೆಯ ನಾಗರತ್ನ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದವಳು, "ಏನಜ್ಜಿ? ವಿಭೂತಿನಾ?" ಎಂದು ಒಂದಿಷ್ಟು ತೆಗೆದು ಹಣೆಗೆ ಹಚ್ಚಿಕೊಂಡೇಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳ ಸೊಂಟನೋವು ಕಮ್ಮಿಯಾಯಿತು. ಸಂಜೆಯ ಹೊತ್ತಿಗೆ ಅದು ಇಡೀ ಬೀದಿಗೆ ಗೊತ್ತಾಯಿತು.

ಅಲ್ಲಿಂದ ದಿನವೂ ಬೆಳಿಗ್ಗೆ ನಮ್ಮ ಮನೆ ಮುಂದೆ ಚಪ್ಪಲಿಗಳ ರಾಶಿ. ಕೆಲವರು ಮಕ್ಕಳ ಪರೀಕ್ಷೆಗೆ, ಕೆಲವರು ಮಂಡಿನೋವಿಗೆ, ಒಬ್ಬಾಕೆ ಸೊಸೆಯ ಬಾಯಿ ಕಮ್ಮಿಯಾಗಲಿ ಎಂದು. ಅತ್ತೆ ಹಿತ್ತಾಳೆ ಬಟ್ಟಲು ಹಿಡಿದು ಜಗುಲಿಯ ಮೇಲೆ ಕೂತು, ಒಬ್ಬೊಬ್ಬರಿಗೂ ಸಾಸಿವೆ ಕಾಳಿನಷ್ಟು ಹಂಚುತ್ತಿದ್ದರು. ಮಾಲು ಕಮ್ಮಿ, ಗಿರಾಕಿ ಜಾಸ್ತಿ. ಅಂಥ ವ್ಯಾಪಾರ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆದರೆ ನನಗೆ ಸಂಕಟ ಶುರುವಾಗಿತ್ತು. ಪುಡಿ ದಿನದಿನಕ್ಕೆ ಹೆಚ್ಚುತ್ತಿತ್ತು. ಬೀದಿಯವರು ಸ್ವಾಮಿಯ ಕೃಪೆ ಹೆಚ್ಚಿತು ಅನ್ನುತ್ತಿದ್ದರು. ನನಗೆ ಮಾತ್ರ ಅದು ಸ್ವಾಮಿಯದೇ ತೋಳು, ಎದೆ, ಭುಜ ಎಂದು ಗೊತ್ತಿತ್ತು. ಬೀದಿಯ ಜನ ನಮ್ಮ ದೇವರನ್ನು ಚಿಟಿಕೆ ಚಿಟಿಕೆಯಾಗಿ ಹಣೆಗೆ ಹಚ್ಚಿಕೊಂಡು ಹೋಗುತ್ತಿದ್ದರು. ಪುಡಿ ಬೀಳುತ್ತಾ ಇದ್ದರೆ ಸ್ವಾಮಿ ಉಳಿಯುವುದಿಲ್ಲ. ಅದನ್ನು ನಿಲ್ಲಿಸಿದರೆ, ಈ ವಯಸ್ಸಿನಲ್ಲಿ ಅತ್ತೆಯ ಮುಖದಲ್ಲಿ ಬಂದಿರುವ ಬೆಳಕು ಉಳಿಯುವುದಿಲ್ಲ. ಕೊಳ್ಳುವವರಿಗೂ ಮಾರುವವರಿಗೂ ಲಾಭವಾಗುವ ಹಾಗೆ ಎಷ್ಟೋ ವ್ಯವಹಾರ ಕುದುರಿಸಿದ ನನಗೆ ಇದೊಂದು ಕುದುರಲಿಲ್ಲ.

ತುಮಕೂರಿನದೇ ಸತ್ಯಮಂಗಲದ ಕಡೆ ಸೋಫಾ ಮಾಡುವ ಒಬ್ಬನನ್ನು ಗೊತ್ತುಮಾಡಿ, ಅತ್ತೆ ಮಧ್ಯಾಹ್ನ ಮಲಗಿದ್ದಾಗ ಕರೆಸಿದೆ. ಯಜಮಾನರನ್ನು ಅತ್ತೆಯ ಕೋಣೆಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ, "ಎದ್ರೆ ಸದ್ದು ಮಾಡಿ" ಅಂದೆ. "ಸಿಂಗಲ್ ಬೆಲ್ಲಾ, ಡಬಲ್ ಬೆಲ್ಲಾ?" ಅಂದರು. ರಿಟೈರ್ ಆದರೂ ಕಂಡಕ್ಟರೇ. ಸೋಫಾದವನು ಸ್ವಾಮಿಯ ಎದೆಗೆ ಬೆರಳ ಗೆಣ್ಣಿನಿಂದ ತೆಂಗಿನಕಾಯಿ ಬಡಿಯುವ ಹಾಗೆ ಬಡಿದು, "ತೋಳಿನ್ ಕಡೆ ಟೊಳ್ಳಾಗ್ತಾ ಅದೆ ಮೇಡಂ. ಹಿಂಗೇ ಬುಟ್ರೆ ಮಳೆಗಾಲ ಮುಗಿಯೋದ್ರೊಳ್ಗೆ ಕತ್ತಿ ಸಮೇತ ಕೈ ಕಳಚ್ಕೊಂಡು ಬೀಳ್ತದೆ" ಅಂದ. ಪರಿಹಾರವನ್ನೂ ಅವನೇ ಹೇಳಿದ. ಪೂರ್ತಿ ಉಜ್ಜಿ, ತೂತುಗಳಿಗೆ ಮರದ ಪುಟ್ಟಿ ಮೆತ್ತಿ, ಮೇಲೆ ಸ್ಪ್ರೇ ಹೊಡೆಯುವುದು. "ಹೊಸಾ ದೇವ್ರು ಥರ ಆಗ್ಬುಡ್ತಾನೆ. ಶೈನಿಂಗ್ ಬೇಕಾ, ಮ್ಯಾಟ್ ಬೇಕಾ?" ಎಂದು ಬಣ್ಣದ ಕಾರ್ಡನ್ನು ಬಿಡಿಸಿದ. ಅವನು ಕೇಳಿದ ಬೆಲೆಗೆ ನಾನು ಅರ್ಧ ಹೇಳಿದೆ.

"ದೇವ್ರ ಕೆಲ್ಸ ಮೇಡಂ, ಚೌಕಾಸಿ ಮಾಡ್ಬ್ಯಾಡಿ."

"ದೇವ್ರ ಕೆಲ್ಸ ಅಂದ್ಮೇಲೆ ನಿಂಗೆ ಲಾಭ ಯಾಕಪ್ಪ?"

ಇನ್ನೊಂದು ನಿಮಿಷ ಎಳೆದಿದ್ದರೆ ಅವನು ಒಪ್ಪುತ್ತಿದ್ದ. ಆ ಮುಖಭಾವ ನನಗೆ ಚೆನ್ನಾಗಿ ಗೊತ್ತು. ಆದರೆ ಕಾರ್ಡಿನ ಕೆಂಪು ಬಣ್ಣವನ್ನು ಅವನು ಸ್ವಾಮಿಯ ತುಟಿಗೆ ಹಿಡಿದು ತೋರಿಸಿದಾಗ ನಾನು ಚೌಕಾಸಿ ಬಿಟ್ಟೆ. ಆ ತುಟಿಯಲ್ಲಿ ಅತ್ತೆಯ ಅಜ್ಜ ಬಳಿಸಿದ್ದ ಕೆಂಪು ಇನ್ನೂ ಒಂದು ಎಳೆಯಷ್ಟು ಉಳಿದಿತ್ತು. ಹುಬ್ಬಿನ ಮೇಲೆ ಉಳಿ ಜಾರಿದ ಒಂದು ಸಣ್ಣ ಗೀರು ಇತ್ತು. ಮಂಡಿಯ ಮೇಲೆ, ಅತ್ತೆ ದಿನವೂ ಕೈಯಿಟ್ಟು ನಮಸ್ಕರಿಸುವ ಜಾಗ, ಗುಬ್ಬಿಯ ಕಂಬಗಳ ಹಾಗೆ ನುಣ್ಣಗಾಗಿತ್ತು. ಇದನ್ನೆಲ್ಲ ಉಜ್ಜಿ ತೆಗೆದು ಮೇಲೆ ಸೋಫಾದ ಬಣ್ಣ ಹೊಡೆದರೆ, ಬೆಳಿಗ್ಗೆ ಎದ್ದು ಅತ್ತೆ ಯಾರಿಗೆ ಕೈಮುಗಿಯಬೇಕು? ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಒಂದೇ ಒಂದು ಉಪಕಾರ ಮಾಡಿ ಹೋದ: ಮರದ ಹುಳದ ಔಷಧಿಯನ್ನು ತೂತಿಗೆ ಸಿರಿಂಜಿನಲ್ಲಿ ಬಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂರು ವಾರ ಇಟ್ಟರೆ ಒಳಗಿನ ಹುಳ ಸಾಯುತ್ತದೆ ಅಂದ. ಅದನ್ನು ನಾನೇ ಮಾಡಬಲ್ಲೆ. ಆದರೆ ಮೂರು ವಾರ ಸ್ವಾಮಿ ಎಲ್ಲಿ ಹೋದ ಎಂದು ಅತ್ತೆಗೆ ಏನು ಹೇಳುವುದು?

ನಮ್ಮ ಕಡೆಯವರಿಗೆಲ್ಲ ಮಠದ ಪದ್ಧತಿ ಗೊತ್ತು. ಸ್ವಾಮಿಗಳಾದವರು ಆಗಾಗ ಅನುಷ್ಠಾನಕ್ಕೆ ಕೂರುತ್ತಾರೆ. ಮೌನ, ಏಕಾಂತ, ಯಾರಿಗೂ ದರ್ಶನವಿಲ್ಲ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ, "ಅತ್ತೆ, ನಮ್ಮ ಸ್ವಾಮೀನ ಮೂರು ವಾರ ಅನುಷ್ಠಾನಕ್ಕೆ ಕೂರಿಸ್ಬೇಕಂತೆ, ಮಠದಲ್ಲಿ ಯಾರೋ ಹಿರಿಯರು ಹೇಳಿದ್ರು" ಅಂದುಬಿಟ್ಟೆ.

ಅತ್ತೆ ನನ್ನನ್ನೇ ನೋಡಿದರು. "ದೇವ್ರೇ ಅನುಷ್ಠಾನಕ್ಕೆ ಕುಂತ್ರೆ ಯಾರ್ನ ನೆನೀತಾನಮ್ಮಿ?"

"ಅವರಪ್ಪನ್ನ! ಶಿವನ ಜಟೆಯಿಂದ ಹುಟ್ಟಿದವನಲ್ವಾ?"

"ಅದೂ ನ್ಯಾಯ್ವೇಯ. ಮಕ್ಳಾದವ್ರು ಹೆತ್ತವ್ರನ್ನ ನೆನೀಬೇಕು" ಎಂದು ಅತ್ತೆ ತಮ್ಮ ಮಗನ ಕಡೆ ತಿರುಗಿದರು. ಯಜಮಾನರು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದುಕೊಂಡರು.

ಮಹಡಿಯ ಮೇಲಿನ ಸಾಮಾನು ಕೋಣೆಯಲ್ಲಿ, ಕಿಟಕಿ ತೆರೆದಿಟ್ಟು, ಕೈಗೆ ಗ್ಲೌಸು ಹಾಕಿಕೊಂಡು ಸ್ವಾಮಿಗೆ ಇಂಜೆಕ್ಷನ್ ಕೊಟ್ಟೆ. ಯಜಮಾನರು ಟಾರ್ಚ್ ಹಿಡಿದರು. "ನೋವಾಗುತ್ತೇನೋ, ನಿಧಾನ ಕಣೇ" ಅಂದರು. ನಗುವ ಹಾಗಿರಲಿಲ್ಲ, ಏಕೆಂದರೆ ನಾನೂ ಮಗುವಿಗೆ ಚುಚ್ಚುವ ಹಾಗೆ ನಿಧಾನವಾಗಿ ಚುಚ್ಚುತ್ತಿದ್ದೆ. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಒಂದು ಬಟ್ಟೆ ಕಟ್ಟಿ ಸ್ವಾಮಿಯ ಮುಖ ಮುಚ್ಚಿದೆ. ದಕ್ಷನಿಗೂ ಎರಡು ತೊಟ್ಟು ಹಾಕಿ, ಇಬ್ಬರನ್ನೂ ಒಂದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪ್ ಅಂಟಿಸಿದೆ. ಪಾತ್ರೆಯ ಪೆಟ್ಟಿಗೆಗಳಿಗೆ ಹಾಕುವ ಹಾಗೆ ಅಭ್ಯಾಸಬಲದಿಂದ ಮೇಲೆ 'ಎಚ್ಚರಿಕೆ, ಒಡೆಯುವ ವಸ್ತು' ಎಂದೂ ಬರೆದೆ.

ಇಷ್ಟಕ್ಕೆ ಮುಗಿದಿದ್ದರೆ ನಾನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಎರಡನೇ ವಾರ ನಾಗರತ್ನ ಅಂಗಡಿಗೇ ಬಂದಳು. "ಗಿರಿಜಕ್ಕ, ಅನುಷ್ಠಾನದ ಮಂಗಲ ಯಾವತ್ತು? ದಾಸೋಹಕ್ಕೆ ನಾವೂ ಕೈ ಜೋಡಿಸ್ತೀವಿ." ನಾನು ಮರೆತೇಬಿಟ್ಟಿದ್ದೆ. ಅನುಷ್ಠಾನ ಅಂದಮೇಲೆ ಅದಕ್ಕೊಂದು ಮಂಗಲ, ಮಂಗಲ ಅಂದಮೇಲೆ ದಾಸೋಹ, ದಾಸೋಹ ಅಂದಮೇಲೆ ಊಟ. ಅತ್ತೆ ಆಗಲೇ ಬೀದಿಗೆಲ್ಲ ಹೇಳಿಯಾಗಿತ್ತು, ಕುಣಿಗಲ್ಲಿನ ನೆಂಟರಿಗೆ ಫೋನ್ ಮಾಡಿಸಿಯಾಗಿತ್ತು, ಕುಂಬಳಕಾಯಿ ಹುಳಿಯೋ ಸೋರೆಕಾಯಿ ಹುಳಿಯೋ ಎಂಬ ಚರ್ಚೆಯೂ ಮುಗಿದಿತ್ತು. ಅಡುಗೆಯವನ ಹತ್ತಿರ ನಾನು ಮಾಡಿದ ಚೌಕಾಸಿಯನ್ನು ಅವನು ಇನ್ನೂ ಕಥೆಯಾಗಿ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಆದರೂ ಪಾಯಸಕ್ಕೆ ದ್ರಾಕ್ಷಿ ಗೋಡಂಬಿ ಕಮ್ಮಿ ಮಾಡು ಎಂದಾಗ ಅತ್ತೆ, "ಮೂರು ವಾರ ಉಪಾಸ ಕುಂತು ಎದ್ದು ಬರ್ತಾವ್ನೆ, ಅವ್ನ ಎದ್ರಿಗೆ ದ್ರಾಕ್ಷಿ ಎಣಿಸ್ತೀಯೇನಮ್ಮಿ?" ಅಂದರು. ಆರು ಸಾವಿರ ಹೋದದ್ದು ಹಾಗೆ. ಸ್ವಾಮಿ ಪ್ಲಾಸ್ಟಿಕ್ಕಿನಿಂದ ಹೊರಬಂದು, ತೂತುಗಳಿಗೆ ಜೇನುಮೇಣ ತುಂಬಿಸಿಕೊಂಡು, ಹೂವಿನ ಹಾರದಲ್ಲಿ ಪೀಠಕ್ಕೆ ಏರಿದ. ಜನ ಉಂಡು, "ಎಂಥಾ ಕಳೆ ಬಂದದೆ ಸ್ವಾಮಿಗೆ!" ಎಂದು ಹೊಗಳಿ ಹೋದರು.

ಮರುದಿನ ಬೆಳಿಗ್ಗೆ ಪುಡಿ ಬೀಳಲಿಲ್ಲ. ಅದರ ಮರುದಿನವೂ ಇಲ್ಲ. ಔಷಧಿ ಚೆನ್ನಾಗಿ ಕೆಲಸ ಮಾಡಿತ್ತು. ಅತ್ತೆ ಹಿತ್ತಾಳೆ ಬಟ್ಟಲು ಹಿಡಿದು ಜಗುಲಿಯಲ್ಲಿ ಕೂರುವುದು, ಜನ ಬಂದು ಇಣುಕುವುದು, "ಇವತ್ತೂ ಇಲ್ವಾ ಅಜ್ಜಿ? ಸರಿ, ನಾಳೆ ಬರ್ತೀವಿ" ಎಂದು ಹೋಗುವುದು. ನಾಳೆ ನಾಳೆ ಎಂದವರು ಬರುವುದು ಕಮ್ಮಿಯಾಯಿತು. ಆಮೇಲೆ ನಾಗರತ್ನ ಮೊಸರಿಗೆ ಬರುವುದೊಂದೇ ಉಳಿಯಿತು. ಅತ್ತೆ ಬಟ್ಟಲನ್ನು ತೊಳೆದು ಒಳಗಿಟ್ಟರು. ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಬಿಟ್ಟರು. ಮಧ್ಯಾಹ್ನ ಸ್ವಾಮಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒರೆಸುವಾಗ ಅಜ್ಜನ ಕಥೆ ಕೇಳಿಸುತ್ತಿರಲಿಲ್ಲ. ಸ್ವಾಮಿ ತನ್ನ ಮೇಲೆ ಸಿಟ್ಟಾಗಿದ್ದಾನೆ ಎಂದು ಅವರು ಕೊರಗುತ್ತಿದ್ದಾರೆ, ನಾನು ತೋಳು ಉಳಿಸಲು ಹೋಗಿ ಭಕ್ತಿಯನ್ನೇ ಕೊಂದೆ ಅಂದುಕೊಂಡೆ. ಪೂಜಾ ಸಾಮಾನಿನ ಅಂಗಡಿಯಿಂದ ನಾಲ್ಕು ವಿಭೂತಿ ಗಟ್ಟಿ ತಂದು, ಪುಡಿ ಮಾಡಿ, ದಕ್ಷನ ತಲೆಗೆ ಉದುರಿಸಿಬಿಡೋಣ ಅನ್ನಿಸಿತು. ತಂದೂಬಿಟ್ಟೆ. ಕುಟ್ಟಾಣಿಯ ಮುಂದೆ ಕೂತಾಗ, ಈ ಎರಡನೇ ಸುಳ್ಳಿಗೆ ಯಾವ ಬಿಲ್ಲು ಬರುತ್ತದೋ ಎಂದು ಭಯವಾಯಿತು. ಎದ್ದು ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತೆ.

"ಅತ್ತೆ, ಅದು ವಿಭೂತಿ ಅಲ್ಲ. ಕುಟ್ಟೆ ಹುಳದ ಪುಡಿ. ಮಹಡಿ ಮೇಲೆ ನಾನೇ ಸೂಜಿಯಲ್ಲಿ ಔಷಧಿ ಹಾಕಿ ಸಾಯಿಸಿದೆ. ಸ್ವಾಮಿಗೆ ನಿಮ್ಮ ಮೇಲೆ ಸಿಟ್ಟಿಲ್ಲ."

ಅತ್ತೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಅವರೆಕಾಳಿಗೆ ಬೂದಿ ಬೆರ್ಸಿ ಬೆರ್ಸಿ ಕೂದ್ಲು ಬೆಳ್ಳಗಾಗವೆ ನಂಗೆ. ಕುಟ್ಟೆ ಯಾವ್ದು ಅಂತ ಗೊತ್ತಾಗಾಕಿಲ್ವೇನಮ್ಮಿ? ಮೊದಲ್ನೇ ದಿನ ಸ್ವಾಮೀದೇ ಅನ್ಕೊಂಡೆ. ಎರಡ್ನೇ ದಿನ ತೂತು ಕಾಣಿಸ್ತು."

"ಮತ್ತೆ ಯಾಕೆ ಹಂಚಿದ್ರಿ?"

"ಜನ ಬತ್ತಿದ್ರಲ್ಲ." ಅತ್ತೆ ಬಟ್ಟೆಯ ತುದಿಯನ್ನು ತಿರುಚಿ ಸ್ವಾಮಿಯ ಕಿವಿಯ ಹಿಂದೆ ಹಾಕಿದರು. "ನೀನು ಬೆಳಗಾದ್ರೆ ಅಂಗ್ಡಿಗೆ ಹೋಯ್ತೀಯ. ನಿನ್ ಗಂಡ ಪೇಪರ್ ಒಳಗೆ ಹೋಯ್ತಾನೆ. ನಂಗೆ ಯಾರವ್ರೆ? ಪುಡಿ ನೆವಕ್ಕೆ ನಾಕು ಜನ ಬತ್ತಿದ್ರು, ಕುಂತ್ಕತಿದ್ರು, ಅತ್ತೇನೋ ಸೊಸೇನೋ ಬೈಕತಿದ್ರು. ಊರಲ್ಲಿದ್ದಂಗಿತ್ತು."

"ಸ್ವಾಮಿ ಟೊಳ್ಳಾಗ್ತಿದ್ದಾನೆ ಅಂತ ಹೆದರಿಕೆ ಆಗ್ಲಿಲ್ವಾ?"

"ನಂಗೂ ಕುಟ್ಟೆ ಹಿಡ್ದದೆ. ನಾನಿರೋಗಂಟ ಅವ್ನಿದ್ರೆ ಸಾಕು, ಆಮ್ಯಾಕೆ ಯಾರ್ ನೋಡ್ಕತಾರೆ, ಇಬ್ರೂ ಒಟ್ಗೆ ಹೋಗ್ಬುಡಾನ ಅನ್ಕೊಂಡಿದ್ದೆ." ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. "ನೀನು ಮಾಡಿಗೆ ಕರ್ಕೊಂಡೋಗಿ ಸೂಜಿ ಹಾಕ್ದೆ ಅಂದ್ಮ್ಯಾಕೆ, ನೋಡ್ಕಳೋರು ಅವ್ರೆ ಅಂತಾಯ್ತು. ಬುಡು, ಅಳ್ಬ್ಯಾಡ."

ನಾನು ಅಳುತ್ತಿದ್ದೇನೆಂದು ಅವರು ಹೇಳಿದ ಮೇಲೆಯೇ ನನಗೆ ಗೊತ್ತಾಯಿತು. ಅಂಗಡಿಯಲ್ಲಿ ಗಿರಾಕಿ ಲೋಟ ಕೇಳಿದರೆ, ಲೋಟ ಬೇಕಾಗಿದೆಯೋ ಮದುವೆಮನೆಗೆ ಹೋಗಲು ನೆವ ಬೇಕಾಗಿದೆಯೋ ಎಂದು ಮುಖ ನೋಡಿ ಹೇಳಬಲ್ಲವಳು ನಾನು. ಮನೆಯ ಜಗುಲಿಯಲ್ಲಿ ನಡೆಯುತ್ತಿದ್ದ ವ್ಯಾಪಾರದಲ್ಲಿ ಮಾಲು ಯಾವುದು ಎಂದೇ ನನಗೆ ಗೊತ್ತಾಗಿರಲಿಲ್ಲ. ಪುಡಿಯೇ ಮಾಲು ಅಂದುಕೊಂಡಿದ್ದೆ.

ಸೋಲನ್ನು ಒಪ್ಪಿಕೊಳ್ಳುವ ಜಾತಿಯವರಲ್ಲ ಅತ್ತೆ. ಮಾರನೆಯ ದಿನವೇ ನನ್ನ ಕೈಯಿಂದ ಒಂದು ಹೊಸ ಕನ್ನಡಿ ತರಿಸಿದರು. ಅದು ಅವರ ಅಜ್ಜನ ಕಾಲದ ಪದ್ಧತಿಯಂತೆ. ಮರದ ದೇವರಿಗೆ ನೀರು ಸೋಕಿಸಬಾರದು. ಆದ್ದರಿಂದ ಎದುರಿಗೆ ತಟ್ಟೆಯಲ್ಲಿ ಕನ್ನಡಿ ನಿಲ್ಲಿಸಿ, ಅದರೊಳಗೆ ಸ್ವಾಮಿ ಪೂರ್ತಿ ಕಾಣುವ ಹಾಗೆ ಮಾಡಿ, ಆ ಪ್ರತಿಬಿಂಬಕ್ಕೆ ಅಭಿಷೇಕ ಮಾಡಬೇಕು. ತಟ್ಟೆಗೆ ಇಳಿದದ್ದು ತೀರ್ಥ. "ಇಷ್ಟು ಚೆನ್ನಾಗಿರೋದನ್ನ ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ಅತ್ತೆ?" ಎಂದೆ. "ಊರಲ್ಲಿ ನೆವ ಇಲ್ದೇನೇ ಜನ ಬತ್ತಿದ್ರು. ಇಲ್ಲಿಗ್ ಬಂದ್ಮ್ಯಾಕೆ ಮರ್ತೋಗಿತ್ತು" ಅಂದರು. ಮೊದಲ ದಿನ ಕನ್ನಡಿಯಲ್ಲಿ ಸ್ವಾಮಿಯ ಬದಲು ಯಜಮಾನರ ಒಣಹಾಕಿದ್ದ ಬನಿಯನ್ ಕಾಣಿಸಿ, ಅತ್ತೆ ಅದಕ್ಕೇ ಅರ್ಧ ಚೊಂಬು ಸುರಿದರು. ಎರಡನೇ ದಿನ ಸರಿಹೋಯಿತು. ನಾಗರತ್ನ ನೋಡಿದಳು. ವಾರದೊಳಗೆ ಚಪ್ಪಲಿಗಳ ರಾಶಿ ಮತ್ತೆ ಬಾಗಿಲಿಗೆ ಬಂತು. ಕೊನೆಯ ಬೆಳಿಗ್ಗೆಯವರೆಗೂ ಅತ್ತೆ ಜನರ ನಡುವೆಯೇ ಇದ್ದರು. ಅವರು ಶಿವನ ಪಾದ ಸೇರಿ ಈಗ ಎರಡು ವರ್ಷ. ಕನ್ನಡಿ ಹಿಡಿಯುವ ಕೆಲಸ ನನಗೆ ಬಂದಿದೆ. ಅಂಗಡಿಯನ್ನು ಹತ್ತೂವರೆಗೆ ಮುಂಚೆ ತೆಗೆಯುವುದನ್ನು ಬಿಟ್ಟಿದ್ದೇನೆ. ಮಧ್ಯಾಹ್ನ ಸ್ವಾಮಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ ಅತ್ತೆಯ ಅಜ್ಜನ ಕಥೆಯಲ್ಲಿ ನಾನು ಕೇಳಿಸಿಕೊಂಡಿದ್ದ ಅರ್ಧ ಮಾತ್ರ ನೆನಪಿಗೆ ಬರುತ್ತದೆ. ಉಳಿದ ಅರ್ಧವನ್ನು ನಾನೇ ಕಟ್ಟಿ ಹೇಳುತ್ತೇನೆ. ಸ್ವಾಮಿ ಇದುವರೆಗೆ ತಕರಾರು ಮಾಡಿಲ್ಲ.

ಈಗ ನಿಮಗೆ ಹೇಳಬೇಕಾದದ್ದು. ಮನೆಯಲ್ಲಿ ಮರದ ದೇವರಿದ್ದರೆ ಎಣ್ಣೆ, ತುಪ್ಪ, ಹಾಲು, ನೀರು ಯಾವುದನ್ನೂ ಮೈಗೆ ತಾಗಿಸಬೇಡಿ. ಕುಂಕುಮವನ್ನು ಪೀಠಕ್ಕೆ ಹಾಕಿ, ಮುಖಕ್ಕೆ ಬೇಡ. ದೀಪ ಒಂದು ಮೊಳ ದೂರವಿರಲಿ. ಧೂಳಿಗೆ ಮೆತ್ತನೆಯ ಒಣ ಬ್ರಷ್ಷು, ಗೋಡೆಗೆ ಬಣ್ಣ ಬಳಿದ ಹಾಗಲ್ಲ, ಮಗುವಿನ ಕೆನ್ನೆ ಸವರಿದ ಹಾಗೆ. ಹಸಿ ಗೋಡೆಗೆ ಒರಗಿಸಬೇಡಿ, ಗಾಜಿನ ಬೀರುವಿನಲ್ಲಿ ಉಸಿರು ಕಟ್ಟಿಸಬೇಡಿ. ಕೆಳಗೆ ಒಂದು ಕಪ್ಪು ಕಾಗದ ಹಾಸಿಡಿ. ಪುಡಿ ಬಿದ್ದರೆ ಅದರ ಮೇಲೆ ತಕ್ಷಣ ಕಾಣುತ್ತದೆ. ಕಂಡರೆ ತಡಮಾಡದೆ, ಅಡುಗೆಮನೆಯಿಂದ ದೂರ ಒಯ್ದು ಔಷಧಿ ಹಾಕಿ. ಹೊಸ ಬಣ್ಣ ಹೊಡೆಸುತ್ತೇನೆ ಎಂದು ಯಾರಾದರೂ ಕಾರ್ಡು ಬಿಡಿಸಿದರೆ, ಎಷ್ಟೇ ಅಗ್ಗಕ್ಕೆ ಬಂದರೂ ಕಾಫಿ ಕೊಟ್ಟು ಕಳಿಸಿ. ಕನ್ನಡಿಗೆ ಅಭಿಷೇಕ ಮಾಡುವುದಾದರೆ ಹಿಂದುಗಡೆ ಬನಿಯನ್ ಒಣಹಾಕಬೇಡಿ. ಇನ್ನೊಂದು ಮಾತು, ಇದು ನನ್ನ ಸ್ವಂತ ಅನುಭವ. ತೀರ್ಥಕ್ಕೆ ಬಂದವರಿಗೆ ಮೊದಲು ಕುರ್ಚಿ ಕೊಡಿ, ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿ, ಪೂರ್ತಿ ಹೇಳಲು ಬಿಡಿ, ಕಾಫಿಯನ್ನೂ ಮುಗಿಸಲಿ. ತೀರ್ಥ ಕಡೆಯಲ್ಲಿ ಕೊಡಿ. ಅದನ್ನು ಮೊದಲೇ ಕೊಟ್ಟುಬಿಟ್ಟರೆ ಜನ ನಿಂತ ಹಾಗೆಯೇ ಹೊರಟುಹೋಗುತ್ತಾರೆ.